ಗಾಡಿ ಹತ್ತಿ ಸರ್

ಸೈಕಲ್ ಟೂರ್‌ನಲ್ಲಿ ಎಲ್ಲರಿಗೂ ಬೇಕಾದ, ಆದರೆ ಯಾರೂ ಹತ್ತಲು ಒಪ್ಪದ ವಾಹನ ಒಂದಿರುತ್ತದೆ. ಅದೇ ಹಿಂದೆ ಬರುವ ಸಪೋರ್ಟ್ ಗಾಡಿ. ಅದರ ಮುಂದಿನ ಸೀಟು ನನ್ನದು. ನಾನು ಸೈಕಲ್ ತುಳಿಯುವವನಲ್ಲ. ಬೆಂಗಳೂರಿನಿಂದ ಊಟಿಗೆ ಹೊರಡುವ ನಮ್ಮ ಗೆಳೆಯರ ಗುಂಪಿಗೆ ನೀರು, ಓಆರ್‌ಎಸ್, ಬೇಯಿಸಿದ ಆಲೂಗಡ್ಡೆ, ಬಾಳೆಹಣ್ಣು ಹಂಚುವವನು. ಬಾಳೆಹಣ್ಣು ಅಂದರೆ ಏಲಕ್ಕಿಯೇ ಆಗಬೇಕು. ಪಚ್ಚಬಾಳೆ ಕೊಟ್ಟರೆ ಮದುವೆ ಮನೆಯಲ್ಲಿ ಗಂಡಿನ ಕಡೆಯವರು ಮುಖ ಮಾಡಿಕೊಂಡ ಹಾಗೆ ಮಾಡುತ್ತಾರೆ. "ನಿಂಗೇನಪ್ಪ, ಎ.ಸಿ. ಹಾಕ್ಕೊಂಡು ಆರಾಮಾಗಿ ಬರ್ತೀಯ" ಅನ್ನುವುದು ಬೇರೆ. ದಿನವಿಡೀ ಒಂದನೇ ಗೇರು, ಎರಡನೇ ಗೇರು ಅಂತ ತೆವಳುವ ಗಾಡಿಯಲ್ಲಿ ಎ.ಸಿ. ಹಾಕಿದರೆ ನಮ್ಮ ಡ್ರೈವರ್ ಇಂಜಿನ್ ಬಿಸಿ ಮುಳ್ಳು ತೋರಿಸಿ ಆಫ್ ಮಾಡುತ್ತಾನೆ.

ನಮ್ಮಲ್ಲಿ ಒಬ್ಬರು ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ, ಓಡಿಸುವವರಿದ್ದಾರೆ. 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು, ಕಂಟ್ರೋಲ್ ಪಾಯಿಂಟ್ ಅನ್ನುವ ತಪಾಸಣೆ ಜಾಗ ಬಿಟ್ಟರೆ ದಾರಿಯಲ್ಲಿ ಸ್ವಂತ ಗಾಡಿಯಿಂದ ಒಂದು ಹನಿ ನೀರೂ ತಗೊಳ್ಳುವ ಹಾಗಿಲ್ಲ, ಕಾರ್ಡಿಗೆ ಸೀಲು ಬೀಳಬೇಕು. ಈ ನಿಯಮಗಳನ್ನೆಲ್ಲ ಅವರು ವಿವರವಾಗಿ ಹೇಳುತ್ತಾರೆ, ನಮ್ಮ ಗಾಡಿಗೆ ಒರಗಿಕೊಂಡು, ನಮ್ಮದೇ ಆಲೂಗಡ್ಡೆ ತಿನ್ನುತ್ತಾ.

ಹೊಸ ಮೈಸೂರು ಹೈವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳ ಜೊತೆ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆ ಇದೆ, ಆದರೆ ಅಲ್ಲಿ ಎದುರಿನಿಂದ ಏನು ಬರುತ್ತದೆ ಅಂತ ಹೇಳೋಕಾಗಲ್ಲ. ಹಾಗಾಗಿ ನಾವು ಹಿಡಿಯುವುದು ಕನಕಪುರ, ಮಳವಳ್ಳಿ, ಬನ್ನೂರು ದಾರಿ. ತಿರುವು ಬಂದಲ್ಲೆಲ್ಲ ರಸ್ತೆ ಮೇಲೆ ಬಾಣದ ಗುರುತು ಹಾಕಬೇಕು. ಒಂದು ಸಲ ನಮ್ಮ ಸಂಘಟಕರಿಗೆ ಸೀಮೆಸುಣ್ಣ ಸಿಗದೆ ರಂಗೋಲಿ ಪುಡಿ ಕೊಂಡರು. ರಾತ್ರಿಯೇ ಬೈಕಿನಲ್ಲಿ ಹೋಗಿ ಮಳವಳ್ಳಿ ಆಚೆಯ ಹಳ್ಳಿಯೊಂದರಲ್ಲಿ ಒಂದು ಮನೆ ಮುಂದೆ ದೊಡ್ಡ ಬಾಣ ಬರೆದು ಬಂದರು. ಬೆಳಿಗ್ಗೆ ಆ ಮನೆಯ ಅಜ್ಜಿ ಎದ್ದು, ಇದ್ಯಾರಪ್ಪ ಅರ್ಧಂಬರ್ಧ ಬಿಟ್ಟು ಹೋದವರು ಅಂದುಕೊಂಡರೋ ಏನೋ, ಬಾಣದ ಸುತ್ತ ಎಂಟು ಎಸಳು ಬಿಡಿಸಿ ಪೂರ್ತಿ ಮಾಡಿಬಿಟ್ಟಿದ್ದರು. ಮೊದಲು ಬಂದ ತಂಡ ಒಂದು ಎಸಳು ಹಿಡಿದು ಕೆರೆ ಏರಿಗೆ ಹೋಯಿತು. ಎರಡನೆಯದು ಇನ್ನೊಂದು ಎಸಳು ಹಿಡಿದು ಸೀದಾ ಅಜ್ಜಿಯ ಹಟ್ಟಿಗೆ.

ಆಮೇಲೆ ಫೋನು ಶುರು.

"ಎಲ್ಲಿದ್ದೀರಿ ಸರ್?"

"ಇಲ್ಲೇ, ರೋಡಲ್ಲಿ."

"ಗುರುತು ಏನಾದ್ರೂ ಹೇಳಿ."

"ಎಡಗಡೆ ಒಂದು ಎಮ್ಮೆ ಇದೆ."

ನಾವು ಹೋಗುವಷ್ಟರಲ್ಲಿ ಎಮ್ಮೆ ಹೊರಟುಹೋಗಿತ್ತು. ಇವರು ಅದನ್ನು ಬಿಡಬಾರದು ಅಂತ ಹಿಂದೆಯೇ ಹೋಗಿದ್ದರು.

ಪಂಕ್ಚರ್ ಕಥೆ ಇನ್ನೊಂದು. ರೇಸ್ ಸೈಕಲ್ಲಿನ ಟ್ಯೂಬಿಗೆ ಸಪೂರ ವಾಲ್ವ್ ಇರುತ್ತದೆ. ತುದಿಯ ಪುಟ್ಟ ತಿರುಪು ಸಡಿಲಿಸಿದರೆ ಮಾತ್ರ ಗಾಳಿ ಒಳಗೆ ಹೋಗುತ್ತದೆ. ಹೆದ್ದಾರಿ ಬದಿಯ ಪಂಕ್ಚರ್ ಅಂಗಡಿಯ ಪೈಪು ಅದಕ್ಕೆ ಕೂರುವುದಿಲ್ಲ. ನಡುವೆ ಒಂದು ಹಿತ್ತಾಳೆ ಅಡಾಪ್ಟರ್ ಬೇಕು, ಬೆರಳ ತುದಿಯಷ್ಟು ದೊಡ್ಡದು. ನಮ್ಮ ಡಬ್ಬಿಯಲ್ಲಿ ಚೈನು, ಬ್ರೇಕ್ ಕೇಬಲ್, ಟೈರು ಎಲ್ಲ ಇತ್ತು. ಅಡಾಪ್ಟರ್ ಮತ್ತು ಕೈಪಂಪು ಮಾತ್ರ ಎಲ್ಲರಿಗಿಂತ ಮುಂದಿದ್ದ ಸವಾರರ ಹತ್ತಿರ. ಅವರು ಆಗಲೇ ನಂಜನಗೂಡು ದಾಟಿದ್ದರು. ಅಂಗಡಿಯವರು ಸೈಕಲ್ಲನ್ನು ಒಂದು ಸುತ್ತು ಬಂದು ನೋಡಿದರು.

"ಎಷ್ಟು ಸಾರ್ ಇದಕ್ಕೆ?"

"ಒಂದೂವರೆ ಲಕ್ಷ."

"ಸ್ಟ್ಯಾಂಡೂ ಇಲ್ವಾ?"

ಸವಾರರು ಉತ್ತರ ಕೊಡಲಿಲ್ಲ. ಅದನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು, ಬಿಟ್ಟರೆ ಬೀಳುತ್ತದಲ್ಲ!

ಇಷ್ಟಾದರೂ ಗಾಡಿ ಹತ್ತಿ ಅಂದರೆ ಯಾರೂ ಹತ್ತುವುದಿಲ್ಲ. ಕಾಲು ನಡುಗುತ್ತಿರುತ್ತದೆ, ಮುಖದ ಮೇಲೆ ಬೆವರು ಒಣಗಿ ಉಪ್ಪು ಕಟ್ಟಿರುತ್ತದೆ, ಆದರೂ "ಸುಮ್ನೆ ವ್ಯೂ ನೋಡ್ತಿದ್ದೆ" ಅನ್ನುತ್ತಾರೆ. ಎದುರಿಗೆ ಇಟ್ಟಿಗೆ ಗೂಡು.

ಬಂಡೀಪುರ ಮಾತ್ರ ಎಲ್ಲರ ಮಾನ ಕಾಪಾಡುತ್ತದೆ. 2009ರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಹಗಲಲ್ಲೂ ಆನೆ, ಹುಲಿ ಓಡಾಡುವ ಕಾಡಿನಲ್ಲಿ ಸೈಕಲ್ ತುಳಿಯುವುದು ನಮ್ಮ ಗುಂಪಿನಲ್ಲಿ ಇಲ್ಲ. ಸೈಕಲ್ಲುಗಳು ಲಾರಿಗೆ, ಜನ ಗಾಡಿಗೆ, ಮಸಿನಗುಡಿಯಲ್ಲಿ ಇಳಿಸುವುದು. ಗುಂಡ್ಲುಪೇಟೆಯಿಂದ ಹಲ್ಲು ಕಚ್ಚಿಕೊಂಡು ಬಂದವರೆಲ್ಲ ಇಲ್ಲಿ ಎಷ್ಟು ಖುಷಿಯಾಗಿ ಹತ್ತುತ್ತಾರೆ ನೋಡಬೇಕು! "ಛೇ, ಒಳ್ಳೆ ರಿದಮ್ ಸಿಕ್ಕಿತ್ತು, ಏನು ಮಾಡೋದು, ರೂಲ್ಸು" ಅನ್ನುತ್ತಾ ಎರಡು ನಿಮಿಷದಲ್ಲಿ ಗೊರಕೆ.

ಮಸಿನಗುಡಿಯಿಂದ ಊಟಿಗೆ ಕಲ್ಹಟ್ಟಿ ಘಾಟಿ. 36 ಹೇರ್‌ಪಿನ್ ತಿರುವು, ಒಂದೊಂದಕ್ಕೂ ನಂಬರ್ ಬೋರ್ಡು. ಊಟಿ ಇರುವುದು ಸುಮಾರು 2,240 ಮೀಟರ್ ಎತ್ತರದಲ್ಲಿ, ಅಂದರೆ ಇಲ್ಲಿಂದ ಒಂದು ಸಾವಿರ ಮೀಟರಿಗೂ ಜಾಸ್ತಿ ಏರಬೇಕು. ಆ ಬೋರ್ಡು ಹಾಕಿಸಿದವರು ಸೈಕಲ್ ತುಳಿದವರಲ್ಲ ಅಂತ ನನ್ನ ಅನುಮಾನ. ಇನ್ನೆಷ್ಟು ಬಾಕಿ ಅಂತ ಗೊತ್ತಾಗದಿದ್ದರೆ ಮನುಷ್ಯ ಏನಾದರೂ ಮಾಡಿ ಹತ್ತಿಯಾನು. ಇಲ್ಲಿ ನಾವು "ಹತ್ತಿ" ಅನ್ನುವ ಪದವನ್ನೇ ಬಳಸುವುದಿಲ್ಲ. "ಸರ್, ತಿರುವಿನಲ್ಲಿ ಹಿಂದೆ ಬರೋ ಗಾಡಿ ನೋಡೋಕೆ ಒಬ್ಬರು ಬೇಕಿತ್ತು, ಸ್ವಲ್ಪ ಹೆಲ್ಪ್ ಮಾಡ್ತೀರಾ?" ಅನ್ನುತ್ತೇವೆ. ಸೈಕಲ್ಲು ಮೇಲೆ ಕ್ಯಾರಿಯರಿಗೆ ಹೋಗುತ್ತದೆ. ಹೆಲ್ಪ್ ಮಾಡಲು ಬಂದವರು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗುತ್ತಾರೆ. ಹೋಟೆಲಿಗೆ ಅರ್ಧ ಕಿಲೋಮೀಟರ್ ಇರುವಾಗ ನಮ್ಮ ಡ್ರೈವರ್ ಯಾರೂ ಹೇಳದೆಯೇ ಒಂದು ಟೀ ಅಂಗಡಿ ಮರೆಯಲ್ಲಿ ನಿಲ್ಲಿಸುತ್ತಾನೆ. ಅವರು ಇಳಿದು, ಜೆರ್ಸಿಯ ಜಿಪ್ ಮೇಲೆಳೆದು, ಸೈಕಲ್ ಹತ್ತಿ, ಗೇಟಿನಲ್ಲಿ ಚಪ್ಪಾಳೆ ಹೊಡೆಸಿಕೊಂಡು ಒಳಗೆ ಹೋಗುತ್ತಾರೆ.

ರಾತ್ರಿ ಊಟಕ್ಕೆ ಕೂತಾಗ ಸಂಘಟನೆ ಬಗ್ಗೆ ಚರ್ಚೆ ಇರುತ್ತದೆ. ಹೋದ ಸಲ ಹಾಗೆ ಹೆಲ್ಪ್ ಮಾಡಿದವರೇ ಎದ್ದು ನಿಂತರು. "ಎಲ್ಲ ಚೆನ್ನಾಗಿತ್ತು. ಆದರೆ ಘಾಟಿಯಲ್ಲಿ ಸಪೋರ್ಟ್ ಗಾಡಿ ಕಣ್ಣಿಗೇ ಬೀಳಲಿಲ್ಲ. ಮುಂದಿನ ಸಲ ಇದನ್ನು ಗಮನಿಸಬೇಕು" ಅಂದರು. ಎಲ್ಲರೂ ತಲೆಯಾಡಿಸಿದರು.

ಪಲ್ಯ ಹಾಕಿಸಿಕೊಳ್ಳುತ್ತಿದ್ದ ಡ್ರೈವರ್ ತಲೆಯೆತ್ತಿ, "ಸರ್, ನಿಮ್ಮ ಕನ್ನಡಕ ಹಿಂದಿನ ಸೀಟಲ್ಲೇ ಇದೆ. ಈಗ್ಲೇ ತಂದುಕೊಡ್ಲಾ?" ಅಂದ.