ಆಯಿಲ್ ಗೇಜು, ಅಡಿಕೆ ಅಂಗಳ ಮತ್ತು ನಮ್ಮಜ್ಜ

ಗಾಡಿ ಜೊತೆ ಕೊಡೋ ಪುಸ್ತಕದಲ್ಲಿ ಆಯಿಲ್ ಚೆಕ್ ಮಾಡೋ ಪಾಠ ಶುರುವಾಗೋದೇ "ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ" ಅಂತ. ಬರೆದವರು ಚಳ್ಳಕೆರೆ ಹಿರಿಯೂರು ಕಡೆಯವರೇ ಇರ್ಬೇಕು. ನಮ್ಮ ತೀರ್ಥಹಳ್ಳಿ ಕಡೆ ಮನೆ ಇರೋದು ದರೆ ಕಡಿದ ಜಾಗದಲ್ಲಿ, ತೋಟ ಕೆಳಗೆ, ರಸ್ತೆ ಮೇಲೆ, ಕೊಟ್ಟಿಗೆ ಇನ್ನೂ ಮೇಲೆ, ಗಾಡಿ ಎಲ್ಲಿ ನಿಲ್ಸಿದ್ರೂ ಹ್ಯಾಂಡ್‌ಬ್ರೇಕ್ ಎಳೆದು ಮೇಲಿಂದ ಚಕ್ರಕ್ಕೊಂದು ಕಲ್ಲೂ ಕೊಡಬೇಕು, ಕಲ್ಲು ಕೊಟ್ಟ ಮೇಲೂ ಅಮ್ಮ ಒಂದ್ಸಲ ಬಂದು ನೋಡ್ಕೊಂಡು ಹೋಗ್ತಾಳೆ.

ಗಾಡಿ ಅಂದ್ರೆ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು ಆಮೇಲೆ ಓಮ್ನಿ ಆಗಿ 2019ಕ್ಕೆ ನಿಂತೇ ಹೋಯ್ತು, ಆದ್ರೆ ಅದು ನಿಂತಿದ್ದು ಕಂಪನೀಲಿ ಮಾತ್ರ, ಮಲೆನಾಡಲ್ಲಿ ನಿಂತಿಲ್ಲ. ಅಡಿಕೆ ಮೂಟೆ, ಮದುವೆ ದಿಬ್ಬಣ, ಕರು, ಗೊಬ್ಬರದ ಚೀಲ, ಹೆರಿಗೆಗೆ ಹೊರಟವರು ಎಲ್ಲಾ ಅದರಲ್ಲೇ. ಅದರ 796 ಸಿಸಿ ಇಂಜಿನ್ ಇರೋದು ಮುಂದಿನ ಸೀಟಿನ ಅಡಿಗೆ. ಮಳೆಗಾಲದಲ್ಲಿ ಕೂತವರಿಗೆ ಕೆಳಗಿಂದ ಹದವಾಗಿ ಬಿಸಿ ಬರ್ತದೆ, ನಮ್ಮಜ್ಜನಿಗೆ ಇದಕ್ಕಿಂತ ದೊಡ್ಡ ಸೌಕರ್ಯ ಬೇರೆ ಇಲ್ಲ, ಸೊಂಟ ನೋವಿಗೆ ಒಳ್ಳೇದಂತೆ. ತೊಂದ್ರೆ ಏನಪ್ಪಾ ಅಂದ್ರೆ ಆಯಿಲ್ ಗೇಜ್, ಅಂದ್ರೆ ಆಯಿಲ್ ಮಟ್ಟ ನೋಡೋ ಮಾರ್ಕ್ ಇರೋ ಕಡ್ಡಿ, ಎಳೀಬೇಕಂದ್ರೆ ಸೀಟ್ ಎತ್ತಬೇಕು, ಸೀಟ್ ಎತ್ತಬೇಕಂದ್ರೆ ಅಜ್ಜ ಇಳೀಬೇಕು.

ಪೇಟೆ ಗ್ಯಾರೇಜಲ್ಲಿ ಆಯಿಲ್ ಚೇಂಜ್ ಮಾಡ್ಸಿ ತಂದಿದ್ದು ಅಪ್ಪಯ್ಯ. ಮೆಕ್ಯಾನಿಕ್ ಕ್ಯಾನ್ ಪೂರ್ತಿ ಬಗ್ಗಿಸಿ "ಉಳಿಸ್ಕೊಂಡು ಎಂತ ಮಾಡ್ತೀರಿ ಭಟ್ರೇ, ದುಡ್ಡು ಕೊಟ್ಟಿದೀರಲ್ಲ" ಅಂದನಂತೆ. ಅಪ್ಪಯ್ಯನಿಗೆ ಆಗ ಖುಷಿ ಆಗಿದೆ, ಅರ್ಧ ದಾರಿ ಬರೋ ಅಷ್ಟರಲ್ಲಿ ಸಂಶಯ ಹೊಕ್ಕಿದೆ. ಬೆಂಗಳೂರಿಂದ ಭಾವನೂ ಬಂದಿದ್ದ, ಅವನು ಆಯಿಲ್ ಜಾಸ್ತಿ ಆದ್ರೆ ಕಡಿಮೆ ಆದಷ್ಟೇ ಅಪಾಯ ಅಂತ ಹೇಳಿ ಇನ್ನಷ್ಟು ಹೆದರಿಸಿದ. ಮಾತು ಸುಳ್ಳಲ್ಲ. ಮಟ್ಟ ಮೇಲೆ ಬಂದ್ರೆ ಇಂಜಿನ್ ಒಳಗೆ ತಿರುಗೋ ಕ್ರ್ಯಾಂಕ್ ಅನ್ನೋ ದಂಡ ಅದನ್ನ ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸ್ತದೆ, ಪಂಪು ಆಯಿಲ್ ಜೊತೆ ಗಾಳೀನೂ ಎಳೀತದೆ, ಆಯಿಲ್ ಏರ್ ಫಿಲ್ಟರ್ ಕಡೆ ಹೋಗಿ ಹಿಂದಿಂದ ನೀಲಿ ಹೊಗೆ ಬಂದ್ರೂ ಬಂತು. ಅಜ್ಜ ಇದನ್ನೆಲ್ಲ ಕೇಳಿ "ಊಟ ಜಾಸ್ತಿ ಆದ್ರೆ ನಂಗೂ ಹಂಗೇ" ಅಂದ.

ಮೊದಲು ಕೊಟ್ಟಿಗೆ ಹತ್ರ ನಿಲ್ಸಿ ನೋಡಿದ್ರು. ಫುಲ್ ಮಾರ್ಕ್ ದಾಟಿ ಎಷ್ಟೋ ಮೇಲೆ. ಅಪ್ಪಯ್ಯ ಮೆಕ್ಯಾನಿಕ್ಕನ ವಂಶವನ್ನೆಲ್ಲ ನೆನಪು ಮಾಡ್ಕೊಂಡ. ಗಾಡಿ ತಿರುಗಿಸಿ ನಿಲ್ಸಿದ್ರೆ ಅದೇ ಆಯಿಲ್ ಕೆಳಗಿನ ಮಾರ್ಕಿನ ಹತ್ರ. ಈಗ ಅದೇ ಮೆಕ್ಯಾನಿಕ್ ಆಯಿಲ್ ಕದ್ದ ಅಂತಾಯ್ತು. ಒಂದೇ ಹೊತ್ತಲ್ಲಿ ಜಾಸ್ತಿ ಹಾಕಿದ ತಪ್ಪೂ ಕದ್ದ ತಪ್ಪೂ ಒಬ್ಬನ ತಲೆ ಮೇಲೆ. ಭಾವ ಫೋನಲ್ಲಿ ಯಾವುದೋ ಆ್ಯಪ್ ತೆಗೆದು ಗಾಡಿ ಒಳಗೆ ಇಟ್ಟು ಇಳಿಜಾರು ಇಷ್ಟು ಡಿಗ್ರಿ ಅಂತ ಹೇಳಿದ, ಅಪ್ಪಯ್ಯ ಗಾರೆ ಮೇಸ್ತ್ರಿ ಬಿಟ್ಟು ಹೋಗಿದ್ದ ರಸಮಟ್ಟ ತಂದು ಇಟ್ಟ, ರಸಮಟ್ಟಕ್ಕೂ ಆ್ಯಪಿಗೂ ತಾಳೆ ಆಗ್ಲಿಲ್ಲ, ಇಬ್ರೂ ಅದರ ಮೇಲೇ ಜಗಳ ಕಾದ್ರು, ಗೇಜ್ ಅತ್ಲಾಗೆ ಉಳೀತು.

ನಮ್ಮ ಇಡೀ ಜಾಗದಲ್ಲಿ ನಿಜವಾಗ್ಲೂ ಸಮತಟ್ಟು ಇರೋದು ಒಂದೇ, ಅಡಿಕೆ ಒಣಗಿಸೋ ಅಂಗಳ. ವರ್ಷಾ ವರ್ಷಾ ಮಣ್ಣು ಹೊಡೆದು ಸಗಣಿ ಸಾರಿಸಿ ಮಾಡಿದ್ದು, ನೀರು ಚೆಲ್ಲಿದ್ರೆ ಯಾವ ಕಡೆ ಹೋಗ್ಲಿ ಅಂತ ಅದಕ್ಕೇ ಗೊತ್ತಾಗದಷ್ಟು ಮಟ್ಟ. ಅದರ ಯಜಮಾನಿ ಅಮ್ಮ. ಬೇಯಿಸಿದ ಅಡಿಕೆ ಹರವಿತ್ತು. "ಒಂದು ತೊಟ್ಟು ಆಯಿಲ್ ಬಿದ್ರೆ ಅಡಿಕೆಗೆ ವಾಸ್ನೆ ಹಿಡೀತದೆ, ಮಂಡೀಲಿ ಯಾರು ತಗೋತಾರೆ, ನಿಮ್ಮ ಮೆಕ್ಯಾನಿಕ್ ತಗೋತಾನಾ?" ಅಂತ ಕೇಳಿದ್ಳು. ಉತ್ತರ ಯಾರ ಹತ್ರನೂ ಇರ್ಲಿಲ್ಲ. ಕಡೆಗೆ ಒಂದು ಮೂಲೆ ಅಡಿಕೆ ಬಳಿದು, ಕೆಳಗೆ ಹಳೇ ಗೋಣಿ ಹಾಸಿ, ಇವರಿಬ್ರೇ ಅಡಿಕೆ ಮತ್ತೆ ಹರವಿ ಕೊಡ್ಬೇಕು ಅನ್ನೋ ಕರಾರಿನ ಮೇಲೆ ಗಾಡಿ ಅಂಗಳಕ್ಕೆ ಬಂತು.

ಅಲ್ಲೂ ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರ್ಲಿಲ್ಲ ಮಾರಾಯ್ರೆ. ಇಂಜಿನ್ ಆಫ್ ಮಾಡಿದ ತಕ್ಷಣ ಎಳೆದ್ರೆ ಕಡಿಮೆ ತೋರಿಸ್ತದೆ, ಯಾಕಂದ್ರೆ ಒಂದಷ್ಟು ಆಯಿಲ್ ಇನ್ನೂ ಮೇಲೆಲ್ಲ ಅಂಟ್ಕೊಂಡು ಇರ್ತದೆ, ಕೆಳಗೆ ಇಳಿದು ಸಂಪ್ ಅನ್ನೋ ಆಯಿಲ್ ತೊಟ್ಟಿಗೆ ಬರ್ಲಿಕ್ಕೆ ಐದು ಹತ್ತು ನಿಮಿಷ ಬೇಕು. ಮೊದಲನೇ ಸಲ ಎಳೆದದ್ದು ನಂಬೋ ಹಾಗೇ ಇಲ್ಲ, ಒರೆಸಿ, ಪೂರ್ತಿ ಕೂರೋ ತನಕ ಹಾಕಿ, ಮತ್ತೆ ಎಳೆದು ನೋಡ್ಬೇಕು. ಹೊಸ ಆಯಿಲ್ ಕಡ್ಡಿ ಮೇಲೆ ಕಾಣೋದೂ ಇಲ್ಲ, ಬೆಳಕಿಗೆ ಓರೆ ಹಿಡೀಬೇಕು, ಪೈಪಿಗೆ ತಾಗಿ ಒಂದು ಪಕ್ಕ ಮೇಲಿನ ತನಕ ಒದ್ದೆ ಆಗಿರ್ತದೆ, ಕಡಿಮೆ ಕಾಣೋ ಪಕ್ಕಾನೇ ಸತ್ಯ. ಒರೆಸ್ಲಿಕ್ಕೆ ಬಟ್ಟೆ ಅಂದ್ರೆ ಭಾವ ಕೈಗೆ ಸಿಕ್ಕಿದ್ದು ಅಜ್ಜನ ಬೈರಾಸು, ಅದರ ನೂಲು ಕಡ್ಡಿಗೆ ಅಂಟಿ ಅದನ್ನ ಬಿಡಿಸೋದು ಬೇರೆ ಕೆಲಸ. ಹೊಸ ಆಯಿಲ್ ಫಿಲ್ಟರ್ ಹಾಕಿದ್ರೆ ಅದೂ ಸ್ವಲ್ಪ ಕುಡೀತದೆ, ಹಾಗಾಗಿ ಒಂದೆರಡು ನಿಮಿಷ ಇಂಜಿನ್ ಓಡಿಸಿ ನಿಲ್ಸಿ ಆಮೇಲೆ ನೋಡಿದ್ದೇ ಲೆಕ್ಕ.

ಕಾಯೋ ತಾಳ್ಮೆ ನಮ್ಮನೇಲಿ ಯಾರಿಗೂ ಇಲ್ಲ. ಭಾವ ಟೈಮರ್ ಇಡ್ತಾನೆ, ಅದು ಹೊಡ್ಕೊಳ್ಳೋ ಮೊದ್ಲೇ ಅಪ್ಪಯ್ಯ ಗೇಜ್ ಎಳೆದಿರ್ತಾನೆ. ಇಷ್ಟರ ಮಧ್ಯೆ ಅಜ್ಜ ಪೇಟೆಗೆ ಹಲ್ ಸೆಟ್ ತೋರಿಸ್ಲಿಕ್ಕೆ ಹೋಗ್ಬೇಕು ಅಂತ ರೆಡಿಯಾಗಿ ಬಂದು ಮುಂದಿನ ಸೀಟಲ್ಲಿ ಕೂತೇ ಬಿಟ್ಟ. ಇಂಜಿನ್ ಓಡಿಸಿ ಬಿಸಿ ಮಾಡಿದ್ದು ತನಗೇ ಅಂತ ತಿಳ್ಕೊಂಡಿದ್ದ. ಆಫ್ ಮಾಡಿ "ಅಜ್ಜಾ ಸ್ವಲ್ಪ ಇಳಿ" ಅಂದ್ರೆ, ಇಳೀತಾನೆ, ಆದ್ರೆ ಅಜ್ಜ ಇಳಿಯೋದು ಅಂದ್ರೆ ಮೊದಲು ದೊಣ್ಣೆ ಹುಡುಕ್ಬೇಕು, ಎಲೆ ಅಡಿಕೆ ಚೀಲ ಹೆಗಲಿಗೆ ಹಾಕ್ಬೇಕು, ಒಂದು ಕಾಲು ಕೆಳಗಿಟ್ಟು ಅಡಿಕೆ ರೇಟು ಕೇಳ್ಬೇಕು, ಇನ್ನೊಂದು ಕಾಲು ಇಡೋ ಮೊದ್ಲು ಸರ್ಕಾರಕ್ಕೆ ಬೈಬೇಕು. ಅಷ್ಟು ಹೊತ್ತಿಗೆ ಆಯಿಲ್ ಎಲ್ಲಾ ನಿಧಾನಕ್ಕೆ ಇಳಿದು ಸಂಪಲ್ಲಿ ಕೂತಿತ್ತು. ಆಗ ಎಳೆದ ಗೇಜ್ ಒಂದೇ ಸರಿ ಬಂದಿದ್ದು, ಮತ್ತೆ ಎಳೆದ್ರೂ ಅದೇ ಜಾಗಕ್ಕೆ ಬಂತು. ಫುಲ್ ಮಾರ್ಕಿಗಿಂತ ಒಂದು ಬೆರಳು ದಪ್ಪ ಮೇಲೆ. ಮೆಕ್ಯಾನಿಕ್ ಕದ್ದಿರ್ಲಿಲ್ಲ ಅನ್ನೋದಂತೂ ಇತ್ಯರ್ಥ ಆಯ್ತು.

ಜಾಸ್ತಿ ಇದ್ದದ್ದನ್ನ ಕೆಳಗಿನ ನಟ್ ಸಡಿಲ ಮಾಡಿ ಬಿಡೋಣ ಅಂತ ಅಪ್ಪಯ್ಯ ಸ್ಪ್ಯಾನರ್ ಹಿಡ್ಕೊಂಡು ಗಾಡಿ ಅಡಿಗೆ ಹೊರಟಿದ್ದ, ಅಮ್ಮ ಅಡಿಕೆ ನೋಡಿದ್ಳು, ಅಪ್ಪಯ್ಯ ಸ್ಪ್ಯಾನರ್ ಕೆಳಗಿಟ್ಟ. ಕಡೆಗೆ ಕೆಲಸಕ್ಕೆ ಬಂದಿದ್ದು ದನಕ್ಕೆ ಔಷಧಿ ಕುಡಿಸ್ಲಿಕ್ಕೆ ಇಟ್ಟಿದ್ದ ದೊಡ್ಡ ಸಿರಿಂಜು. ಅದರ ತುದಿಗೆ ಸಪೂರ ಪೈಪ್ ಸಿಕ್ಕಿಸಿ ಗೇಜಿನ ತೂತಿಂದ ಒಳಗೆ ಬಿಟ್ಟು ಭಾವ ಎಳೆದ, ಎಳೆದು ಎಳೆದು ಬಾಟಲಿಗೆ ಬಿಟ್ಟ. ನಡುನಡುವೆ ನೋಡ್ತಾ, ಎರಡು ಮಾರ್ಕಿನ ಮಧ್ಯೆ, ಫುಲ್ಲಿಗೆ ಚೂರು ಕೆಳಗೆ ಬಂದು ನಿಂತಾಗ ಅಪ್ಪಯ್ಯ ಪಂದ್ಯ ಗೆದ್ದವನ ಹಾಗೆ ಕೈ ಎತ್ತಿದ. ಅಂಗಳಕ್ಕೆ ಒಂದು ತೊಟ್ಟೂ ಬಿದ್ದಿರ್ಲಿಲ್ಲ, ಗೋಣಿ ಎತ್ತಿ ಅಮ್ಮನಿಗೆ ತೋರಿಸಿಯೂ ಆಯ್ತು.

ಸೀಟ್ ಇಳಿಸಿದ್ರು, ಅಜ್ಜನನ್ನ ಹತ್ತಿಸಿದ್ರು (ಹತ್ತೋದಕ್ಕೂ ಇಳಿದಷ್ಟೇ ಹೊತ್ತು), ಭಾವ ಹಿಂದೆ ಕೂತ, ಗಾಡಿ ಇನ್ನೇನು ಉಣುಗೋಲು ದಾಟ್ಬೇಕು, ಅಮ್ಮ ಬೈರಾಸು ಎತ್ತಿ ಹಿಡ್ಕೊಂಡು ಕೂಗ್ತಾ ಓಡಿ ಬಂದ್ಳು. ಬೈರಾಸು ಮರೆತಿದ್ದಕ್ಕೆ ಇಷ್ಟು ಗಲಾಟೆ ಯಾಕೆ ಅಂತ ನೋಡಿದ್ರೆ, ಅದರೊಳಗೆ ಸುತ್ತಿಟ್ಟ ಹಾಗೇ ಗೇಜ್. ಒರೆಸಿ ಅಡಿಕೆ ರಾಶಿ ಪಕ್ಕ ಇಟ್ಟ ಭಾವ ವಾಪಸ್ ಹಾಕೇ ಇರ್ಲಿಲ್ಲ. ಅಪ್ಪಯ್ಯ ಇಂಜಿನ್ ನಿಲ್ಸಿ, ಅಜ್ಜನ ಮುಖ ನೋಡ್ದೆ, ಎದುರಿನ ಗಾಜು ನೋಡ್ತಾ "ಅಪ್ಪಯ್ಯಾ, ಒಂದು ನಿಮಿಷ ಇಳೀತೀಯಾ" ಅಂದ.

ಅಜ್ಜ ಎಲೆ ಅಡಿಕೆ ಚೀಲ ಬಿಚ್ಚಿ ಎಲೆಗೆ ಸುಣ್ಣ ಹಚ್ಚಿಕೊಳ್ತಾ, "ಈಗಷ್ಟೇ ಬೆಚ್ಚಗಾಗ್ತಾ ಇದೆ, ನನ್ನನ್ನೂ ಸೇರ್ಸಿ ಸೀಟ್ ಎತ್ತಿ ಹಾಕ್ಕೊಳ್ಳಿ" ಅಂದ.