ಆ ದುವಾ 11 ಜನರಿಗೆ ಕಳಿಸಲೇಬೇಕು ಅಂತೇನಿಲ್ಲ

ಒಂದು ವಾರದಿಂದ ಕಲಬುರಗಿಯ ನಮ್ಮ ಓಣಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ. ಗುಲಾಬಿ ಹೂವಿನ ಚಿತ್ರ, ಕೆಳಗೆ ‘ಲಾ ಇಲಾಹ ಇಲ್ಲಾ ಅಂತ’ ಅಂತ ಶುರುವಾಗುವ ದುವಾ, ಅಂದರೆ ಪ್ರಾರ್ಥನೆ. ‘ಇದು ಹಜರತ್ ಅಯ್ಯೂಬರ ದುವಾ. 11 ಜನರಿಗೆ ಕಳಿಸಿ, 7 ದಿನದಲ್ಲಿ ಕಷ್ಟ ತೀರುತ್ತದೆ. ಕಳಿಸದಿದ್ದರೆ ಕೇಡು’ ಎಂದು ಬರೆದಿದೆ.

ಮೊದಲನೆಯದಾಗಿ, ಹೆಸರೇ ತಪ್ಪು. ಇದು ಪ್ರವಾದಿ ಹಜರತ್ ಯೂನುಸರ ದುವಾ. ಮೀನಿನ ಹೊಟ್ಟೆಯೊಳಗಿನ ಕತ್ತಲಲ್ಲಿ ಅವರು ಕೂಗಿದ್ದು: ‘ನಿನ್ನ ಹೊರತು ದೇವರಿಲ್ಲ, ನೀನು ಪರಿಶುದ್ಧ, ತಪ್ಪು ನನ್ನದೇ.’ ಕುರ್‌ಆನಿನ 21ನೇ ಅಧ್ಯಾಯದ 87ನೇ ವಚನ. ಕಷ್ಟ ತೆಗೆದುಬಿಡು ಅಂತ ಅದರಲ್ಲಿ ಒಂದು ಮಾತೂ ಇಲ್ಲ, ಗಮನಿಸಿದ್ದೀರಾ? ಇನ್ನೊಬ್ಬ ಪ್ರವಾದಿ ಅಯ್ಯೂಬರದ್ದು ಅದೇ ಅಧ್ಯಾಯದಲ್ಲಿ ನಾಲ್ಕು ವಚನ ಮೊದಲೇ, 83ರಲ್ಲಿದೆ: ‘ನನಗೆ ಕಷ್ಟ ತಟ್ಟಿದೆ, ನೀನು ಎಲ್ಲರಿಗಿಂತ ಜಾಸ್ತಿ ಕರುಣೆಯುಳ್ಳವನು.’ ಪಕ್ಕಪಕ್ಕದಲ್ಲೇ ಇರೋದರಿಂದ ಅದಲು ಬದಲಾಗಿರಬೇಕು.

11 ಜನ, 7 ದಿನದ ಲೆಕ್ಕ ಆ ವಚನಗಳಲ್ಲಿ ಎಲ್ಲೂ ಇಲ್ಲ. ಕೇಡಿನ ಬೆದರಿಕೆಯಂತೂ ಯಾರೋ ಸುಮ್ನೆ ಸೇರಿಸಿದ್ದು.

ಮೊನ್ನೆ ಪಕ್ಕದ ಮನೆಯ ಖಾಲಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಚಹಾ ಆರಿಹೋದರೂ ನೋಡದೆ, ಹನ್ನೊಂದು ಹೆಸರು ಹುಡುಕುತ್ತಿದ್ದರು. ಒಂಬತ್ತು ಸಿಕ್ಕಿದ್ದವು. ಇನ್ನೆರಡು ಸಿಗಲಿಲ್ಲ ಅಂತ ಕಣ್ಣಲ್ಲಿ ನೀರು. ‘ಖಾಲಾ, ಫೋನ್ ಕೆಳಗಿಡಿ, ದುವಾ ನೀವೇ ಓದಿ’ ಅಂದೆ. ಅರಬಿ ತಡವರಿಸಿದರೆ ನಮಾಜಿನ ಹೊರಗೆ ತಮ್ಮ ಮಾತಲ್ಲೇ ಕೇಳಿಕೊಳ್ಳಬಹುದು, ಉರ್ದುವಾದರೂ ಸರಿ, ಕನ್ನಡವಾದರೂ ಸರಿ.

ಮೆಸೇಜ್ ಬಂದರೆ ಅಳಿಸಿ. ಏನೂ ಆಗಲ್ಲ.