ಎಡಮೂಲೆಯ ಚುಕ್ಕೆಗಳು, ಕಂಪನಿಯ ವಿಷಾದ

ಕ್ಯಾಮೆರಾ ಕಂಪನಿಗಳು ಹೊರಡಿಸುವ ವಿಷಾದದ ಪ್ರಕಟಣೆಗಳನ್ನು ಸಾಲಾಗಿ ಓದುತ್ತಾ ಹೋದರೆ ಒಂದು ಸಂಗತಿ ಖಾತ್ರಿಯಾಗುತ್ತದೆ. ಅವುಗಳಲ್ಲಿ ಕ್ಯಾಮೆರಾ ಎಂದೂ ಕೆಟ್ಟಿರುವುದಿಲ್ಲ. ‘ಅಪರೂಪದ ಸಂದರ್ಭಗಳಲ್ಲಿ’, ‘ಕೆಲವು ಬಳಕೆದಾರರಿಗೆ’, ‘ಕಂಡುಬರುವ ಸಾಧ್ಯತೆ ಇಲ್ಲದಿಲ್ಲ’. ಇಷ್ಟು ಓದುವಷ್ಟರಲ್ಲಿ ಮಾಲೀಕನಿಗೆ ದೋಷವಿರುವುದು ತನ್ನ ಕಣ್ಣಿನಲ್ಲೇ ಇರಬೇಕು ಎಂಬ ಅನುಮಾನ ಶುರುವಾಗಿರುತ್ತದೆ. ಮಾಲೀಕನೇನೂ ಕಮ್ಮಿ ಅಸಾಮಿಯಲ್ಲ. ಎರಡು ವರ್ಷದಿಂದ ಬೀರುವಿನಲ್ಲಿ ಮಲಗಿದ್ದ ಕ್ಯಾಮೆರಾಕ್ಕೆ ಏನೋ ದೋಷವಂತೆ ಎಂಬ ಸುದ್ದಿ ಕಿವಿಗೆ ಬಿದ್ದ ದಿನವೇ ಅದನ್ನು ಹೊರತೆಗೆದು, ಮಗುವಿನ ಫೋಟೊ ತೆಗೆಯಲೂ ಸಿಗದಿದ್ದ ಪುರುಸೊತ್ತಿನಲ್ಲಿ ಮನೆಯ ನಾಲ್ಕೂ ಗೋಡೆಗಳ ಫೋಟೊ ತೆಗೆಯುತ್ತಾನೆ.

ಎರಡೂ ಕಡೆಯವರ ವರಸೆ ಒಟ್ಟಿಗೆ ನೋಡಸಿಗುವುದು ನಿಕಾನ್ ಡಿ600 ಪ್ರಕರಣದಲ್ಲಿ. 2012ರ ಸೆಪ್ಟೆಂಬರಿನಲ್ಲಿ ಬಂದ ಈ ಕ್ಯಾಮೆರಾದಲ್ಲಿ 24.3 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೆನ್ಸರ್, ಅಂದರೆ ಹಳೆಯ 35 ಎಂಎಂ ಫಿಲ್ಮಿನಷ್ಟೇ ದೊಡ್ಡದಾದ, ಚಿತ್ರ ಮೂಡಿಸುವ ಫಲಕ ಇತ್ತು. ಅಷ್ಟು ದೊಡ್ಡ ಸೆನ್ಸರು ಆ ಬೆಲೆಗೆ ಸಿಗುತ್ತಿರಲಿಲ್ಲವಾದ್ದರಿಂದ ಜನ ಮುಗಿಬಿದ್ದರು. ಕೆಲವೇ ವಾರಗಳಲ್ಲಿ ಆಕಾಶದ ಚಿತ್ರಗಳಲ್ಲಿ ಚುಕ್ಕೆ ಕಾಣಿಸತೊಡಗಿತು. ಅದೂ ಬೇಕಾಬಿಟ್ಟಿ ಅಲ್ಲ, ಹೆಚ್ಚಾಗಿ ಚಿತ್ರದ ಮೇಲಿನ ಎಡಮೂಲೆಯಲ್ಲೇ. ಲೆನ್ಸ್ ಬದಲಿಸುವಾಗ ಒಳಹೋದ ಧೂಳಾಗಿದ್ದರೆ ಎಲ್ಲೆಂದರಲ್ಲಿ ಕೂರಬೇಕಿತ್ತು. ಊರೂರಿನ ಮಾಲೀಕರ ಕ್ಯಾಮೆರಾಗಳಲ್ಲಿ ಒಂದೇ ಮೂಲೆಗೆ ಹೋಗಿ ಕೂರುತ್ತಿದೆ ಎಂದರೆ ಅದು ಹೊರಗಿನಿಂದ ಬಂದದ್ದಲ್ಲ, ಒಳಗಿನಿಂದಲೇ ಹಾರುತ್ತಿದೆ ಎಂದರ್ಥ. ಸೆಕೆಂಡಿನ 4000ನೇ ಒಂದು ಭಾಗದಷ್ಟು ಚುರುಕಾಗಿ ತೆರೆದು ಮುಚ್ಚಬಲ್ಲ ಶಟರ್ ಅದು. ಅದರ ಆಸುಪಾಸಿನಿಂದ ಸಿಡಿದ ಎಣ್ಣೆಯ ಹನಿ ಮತ್ತು ಪುಡಿ, ಸೆನ್ಸರ್ ಮುಂದಿನ ಫಿಲ್ಟರ್ ಗಾಜಿಗೆ ಅಂಟುತ್ತಿತ್ತು.

ಈ ಚುಕ್ಕೆಗಳಿಗೊಂದು ಕೆಟ್ಟ ಗುಣವಿದೆ. ಎಫ್/2.8ರಲ್ಲಿ ಕಾಣುವುದೇ ಇಲ್ಲ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಹೀಗೆ ಅಗಲವಾಗಿದ್ದಾಗ ಬೆಳಕು ನಾನಾ ಕೋನಗಳಿಂದ ಬಂದು ಹನಿಯ ನೆರಳನ್ನು ಕರಗಿಸಿಬಿಡುತ್ತದೆ. ಎಫ್/16ಕ್ಕೆ ಕಿರಿದಾಗಿಸಿದರೆ ಬೆಳಕಿನ ಕಿರಣ ಸೂಜಿಯಂತಾಗಿ, ಹನಿಯ ನೆರಳು ಗಟ್ಟಿಯಾಗಿ ಮೂಡುತ್ತದೆ. ಹೀಗಾಗಿ ಮದುವೆ ಮನೆಯ ಮಂಕು ಬೆಳಕಿನಲ್ಲಿ ಮುಖಗಳನ್ನಷ್ಟೇ ತೆಗೆಯುವವರು ‘ನನ್ನದು ಚೊಕ್ಕ ಇದೆಯಲ್ಲ’ ಎಂದರು, ಬೆಟ್ಟ ಮತ್ತು ಮುಗಿಲು ತೆಗೆಯುವವರು ‘ನನ್ನದರಲ್ಲಿ ಸಿಡುಬು ಎದ್ದಿದೆ’ ಎಂದರು. ಇಬ್ಬರ ಕೈಯಲ್ಲೂ ಇದ್ದದ್ದು ಅದೇ ಕ್ಯಾಮೆರಾ. ತಿಂಗಳುಗಟ್ಟಲೆ ಜಗಳವಾಡಲು ಇದಕ್ಕಿಂತ ಒಳ್ಳೆಯ ವಿಷಯ ಬೇಕೆ?

ಪರೀಕ್ಷೆ ಸುಲಭ, ಆದರೆ ಜನ ಅದನ್ನೂ ಕೆಡಿಸುತ್ತಾರೆ. ಬೆಳಕಿನ ಸಂವೇದನೆಯ ಅಳತೆಯಾದ ಐಎಸ್‌ಒವನ್ನು 100ಕ್ಕೆ ಇಳಿಸಿ, ಅಪರ್ಚರ್ ಎಫ್/16 ಅಥವಾ ಎಫ್/22ಕ್ಕೆ ಇಡಿ. ಆಟೊಫೋಕಸ್ ಆರಿಸಿ, ಫೋಕಸ್ ಬೇಕೆಂದೇ ತಪ್ಪಿಸಿ. ಮೋಡವಿಲ್ಲದ ಆಕಾಶಕ್ಕೋ ಬಿಳಿ ಕಾಗದಕ್ಕೋ ಗುರಿಯಿಟ್ಟು, ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು, ಬೆಳಕು ಕೊಟ್ಟು, ಶಟರ್ ತೆರೆದಿರುವಾಗ ಕೈಯನ್ನು ತುಸು ಆಡಿಸಿ. ಆಗ ಕಾಗದದ ಕಲೆಗಳು ಕಲಸಿಹೋಗುತ್ತವೆ, ಒಳಗಿನ ಚುಕ್ಕೆ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಕೈ ಆಡಿಸದೆ ಸುಣ್ಣದ ಗೋಡೆಗೆ ಚೂಪಾಗಿ ಫೋಕಸ್ ಮಾಡಿ ತೆಗೆದ ಚಿತ್ರದಲ್ಲಿ ಸಿಗುವುದು ಗೋಡೆಯ ದೋಷ. ಅದಕ್ಕೆ ಪೇಂಟರನ್ನು ಕರೆಯಬೇಕೇ ಹೊರತು ನಿಕಾನನ್ನಲ್ಲ. ಇನ್ನೊಂದು ಮಾತು: ಲೆನ್ಸ್ ಬಿಂಬವನ್ನು ತಲೆಕೆಳಗೆ ಮಾಡುವುದರಿಂದ ಚಿತ್ರದ ಮೇಲಿನ ಎಡಮೂಲೆಯ ಚುಕ್ಕೆ, ಲೆನ್ಸ್ ಬಿಚ್ಚಿ ಎದುರಿನಿಂದ ನೋಡುವವನಿಗೆ ಸೆನ್ಸರಿನ ಕೆಳಗಿನ ಎಡಮೂಲೆಯಲ್ಲಿರುತ್ತದೆ. ಇದು ಗೊತ್ತಿಲ್ಲದೆ ಮೇಲಿನ ಮೂಲೆಯನ್ನೇ ಉಜ್ಜಿ ಉಜ್ಜಿ ‘ಹೋಗ್ತಾನೇ ಇಲ್ಲ’ ಎಂದು ಗೊಣಗಿದವರು ಬೇಕಾದಷ್ಟಿದ್ದಾರೆ.

2013ರ ಫೆಬ್ರವರಿಯಲ್ಲಿ ನಿಕಾನ್ ಬಾಯಿ ಬಿಟ್ಟಿತು. ಒಳಗಿನ ಧೂಳನ್ನು ಪೂರ್ತಿ ತಡೆಯುವುದು ಕಷ್ಟ, ಅಪರೂಪಕ್ಕೆ ಎಣ್ಣೆಯೂ ಹೆಚ್ಚಾಗಿರಬಹುದು, ಕೈಪಿಡಿಯಲ್ಲಿ ಹೇಳಿದಂತೆ ಬ್ಲೋಯರಿನಿಂದ ಊದಿ ನೋಡಿ, ಹೋಗದಿದ್ದರೆ ಸರ್ವಿಸ್ ಸೆಂಟರಿಗೆ ಬನ್ನಿ. ಕೈಪಿಡಿಯ ಆ ಪುಟಗಳಿಗೆ ಅಲ್ಲಿಯವರೆಗೆ ಓದುಗರು ಇದ್ದರೆಂದು ನಂಬುವುದು ಕಷ್ಟ. ಊದುವುದಕ್ಕೂ ಕ್ರಮವಿದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು, ಮೆನುವಿನಿಂದ ಕನ್ನಡಿ ಎತ್ತಿಸಬೇಕು, ಕ್ಯಾಮೆರಾದ ಬಾಯಿ ನೆಲದ ಕಡೆ ಇರಬೇಕು, ರಬ್ಬರ್ ಬ್ಲೋಯರಿನ ಮೂತಿ ಒಳಗೆ ತಾಗಬಾರದು. ಬಾಯಿಂದ ಊದಿದರೆ ಒಂದು ಚುಕ್ಕೆ ಹೋಗಿ ಉಗುಳಿನ ಹತ್ತು ಬರುತ್ತವೆ. ಕಂಪ್ಯೂಟರ್ ಅಂಗಡಿಯ ಒತ್ತಿದ ಗಾಳಿಯ ಡಬ್ಬಿ ಇನ್ನೂ ಅಪಾಯ, ಅದನ್ನು ಸ್ವಲ್ಪ ವಾಲಿಸಿದರೆ ಒಳಗಿನ ದ್ರವವೇ ಗಾಜಿನ ಮೇಲೆ ಚಿಮ್ಮುತ್ತದೆ.

ಆದರೆ ಎಣ್ಣೆ ಗಾಳಿಗೆ ಹಾರುವ ವಸ್ತುವಲ್ಲ. ಅದಕ್ಕೆ ಒದ್ದೆ ಸ್ವಾಬ್, ಅಂದರೆ ಬಟ್ಟೆ ಸುತ್ತಿದ ಒರೆಸುವ ಕಡ್ಡಿ ಬೇಕು. ಫುಲ್ ಫ್ರೇಮಿಗೆ 24 ಮಿಲಿಮೀಟರ್ ಅಗಲದ್ದು, ಅದರ ಅಂಚಿಗೆ ಎರಡು ಹನಿ ಸೆನ್ಸರ್ ಒರೆಸುವ ದ್ರಾವಣ, ಹತ್ತು ಸೆಕೆಂಡ್ ಹೀರಿಕೊಳ್ಳಲು ಬಿಟ್ಟು, ಎಡದಿಂದ ಬಲಕ್ಕೆ ಒಂದೇ ಎಳೆತ, ತಿರುಗಿಸಿ ಬಲದಿಂದ ಎಡಕ್ಕೆ ಇನ್ನೊಂದು, ಆಮೇಲೆ ಕಸದ ಬುಟ್ಟಿಗೆ. ‘ಇನ್ನೂ ಚೆನ್ನಾಗಿದೆ, ಇನ್ನೊಂದು ಸಲ ಆಗುತ್ತೆ’ ಎಂಬ ನಮ್ಮ ಉಳಿತಾಯ ಬುದ್ಧಿ ಇಲ್ಲಿ ಗೀರು ಹಾಕಿಸುತ್ತದೆ. ನಾಲ್ಕು ಹನಿ ಹಾಕಿದರೆ ಒಣಗಿದ ಗೆರೆ ಉಳಿಯುತ್ತದೆ. ಬ್ಯಾಟರಿ ನಡುವೆ ಕೈಕೊಟ್ಟರೆ ಕನ್ನಡಿ ಮತ್ತು ಶಟರ್ ಸ್ವಾಬಿನ ಮೇಲೇ ಬೀಳುತ್ತವೆ. ಹಾಗಾದಾಗ ಆಗುವ ಖರ್ಚನ್ನು ಯಾವ ಪ್ರಕಟಣೆಯೂ ಭರಿಸುವುದಿಲ್ಲ.

ಇಷ್ಟೆಲ್ಲ ಒರೆಸಿದರೂ ಸಾವಿರ ಚಿತ್ರಗಳಲ್ಲಿ ಚುಕ್ಕೆ ಮತ್ತೆ ಹಾಜರ್ ಎಂದು ಮಾಲೀಕರು ದೂರಿದರು. ಮೂಲ ಶಟರಿನಲ್ಲಿದ್ದಾಗ ನೆಲ ಒರೆಸಿ ಏನು ಪ್ರಯೋಜನ? ಆಗ ಮಾಲೀಕರಲ್ಲೇ ಒಂದು ನಾಟಿ ಚಿಕಿತ್ಸೆ ಹುಟ್ಟಿಕೊಂಡಿತು: ಮೂರು ಸಾವಿರ ಸಲ ಸುಮ್ಮನೆ ಕ್ಲಿಕ್ಕಿಸಿಬಿಡಿ, ಇರುವ ಎಣ್ಣೆಯೆಲ್ಲ ಹಾರಿಹೋಗುತ್ತದೆ. ಶಟರಿನ ಆಯಸ್ಸನ್ನು ಕಂಪನಿ ಪರೀಕ್ಷಿಸಿದ್ದು ಒಂದೂವರೆ ಲಕ್ಷ ಕ್ಲಿಕ್ಕಿಗೆ. ಅದರಲ್ಲಿ ಮೂರು ಸಾವಿರವನ್ನು ಕತ್ತಲ ಕೋಣೆಗೆ ಅರ್ಪಿಸಿದವರು ಎಷ್ಟೋ ಮಂದಿ.

2013ರ ಅಕ್ಟೋಬರಿನಲ್ಲಿ, ಅಂದರೆ ಹದಿಮೂರೇ ತಿಂಗಳಿಗೆ, ಡಿ610 ಬಂತು. ಹೊಸ ಶಟರ್. ಸೆಕೆಂಡಿಗೆ 5.5 ಚಿತ್ರಗಳಿದ್ದದ್ದು 6 ಆಗಿತ್ತು. ಬಿಳಿ ಬಣ್ಣದ ಲೆಕ್ಕಾಚಾರ ಸುಧಾರಿಸಿತ್ತು. ಚುಕ್ಕೆಯ ಸುದ್ದಿ ಮಾತ್ರ ಎಲ್ಲೂ ಇಲ್ಲ. ಕಾರಣ ಹೇಳದೆ ಮಾಡುವ ಇಂಥ ರಿಪೇರಿ ಹಳೆಯ ಮಾಲೀಕನಿಗೆ ಉರಿಸುವಷ್ಟು ಬೇರಾವುದೂ ಉರಿಸುವುದಿಲ್ಲ. ಹಳೆಯದರ ಬೆಲೆ ಬೀಳುತ್ತದೆ, ಹೊಸದಕ್ಕೆ ದುಡ್ಡಿಲ್ಲ, ಅನುಮಾನ ನಿಜವಾಯಿತೆಂಬ ಸಮಾಧಾನವಷ್ಟೇ ಪುಕ್ಕಟೆ. 2014ರ ಫೆಬ್ರವರಿ ಕೊನೆಗೆ ನಿಕಾನ್ ನೇರವಾಗಿ ಘೋಷಿಸಿತು: ವಾರಂಟಿ ಮುಗಿದಿದ್ದರೂ ಸರಿಯೇ, ಪರೀಕ್ಷೆ, ಶುಚಿ, ಶಟರ್ ಬದಲಾವಣೆ ಎಲ್ಲ ಉಚಿತ. ಅಷ್ಟಕ್ಕೂ ಮುಗಿಯಲಿಲ್ಲ. ಮಾರ್ಚ್ 15ರ ಗ್ರಾಹಕರ ದಿನದಂದು ಚೀನಾದ ಸರ್ಕಾರಿ ಟೀವಿ ಈ ಚುಕ್ಕೆಗಳನ್ನು ದೇಶಕ್ಕೆಲ್ಲ ತೋರಿಸಿತು, ಬೆನ್ನಿಗೇ ಶಾಂಘೈ ಅಧಿಕಾರಿಗಳು ಡಿ600 ಮಾರಾಟ ನಿಲ್ಲಿಸಲು ಹೇಳಿದರು. ಒಂದೂವರೆ ವರ್ಷ ಬ್ಲೋಯರಿನಿಂದ ಹೋಗದ ಚುಕ್ಕೆ ಒಂದೇ ರಾತ್ರಿಯ ಟೀವಿ ಕಾರ್ಯಕ್ರಮದಿಂದ ಹೋಯಿತು.

ಗಮನಿಸಿ, ಇಷ್ಟು ದೊಡ್ಡ ರಾದ್ಧಾಂತದಲ್ಲೂ ಕಂಪನಿ ‘ರೀಕಾಲ್’ ಎನ್ನಲಿಲ್ಲ, ‘ಸೇವಾ ಸಲಹೆ’ ಎಂದಿತು. ಚಿತ್ರ ಹಾಳಾದರೆ ಸಲಹೆ, ಕೈ ಸುಟ್ಟರೆ ರೀಕಾಲ್, ಇಷ್ಟೇ ವ್ಯತ್ಯಾಸ. 2012ರಲ್ಲಿ ಇದೇ ನಿಕಾನ್, ಬಿಸಿಯಾಗಿ ಹೊರಕವಚ ವಿಕಾರವಾಗಬಹುದಾದ ಇಎನ್-ಇಎಲ್15 ಬ್ಯಾಟರಿಗಳನ್ನು ತಡಮಾಡದೆ ವಾಪಸು ಕರೆಸಿತು. ಗುರುತು: 14 ಅಕ್ಷರಗಳ ಲಾಟ್ ಸಂಖ್ಯೆಯಲ್ಲಿ ಒಂಬತ್ತನೆಯದು ಇ ಅಥವಾ ಎಫ್. ಅದೇ ವರ್ಷ ಕ್ಯಾನನ್ ಇಒಎಸ್ 650ಡಿ ಕ್ಯಾಮೆರಾದ ರಬ್ಬರ್ ಹಿಡಿ ಬೆಳ್ಳಗಾಗತೊಡಗಿತು, ಚರ್ಮಕ್ಕೆ ಅಲರ್ಜಿಯಾದೀತೆಂದು ಕಂಪನಿಯೇ ಎಚ್ಚರಿಸಿತು. ಮೇ 31ರಿಂದ ಜೂನ್ 15ರವರೆಗೆ ತಯಾರಾದವು ಮಾತ್ರ. 2018ರಲ್ಲಿ ಫ್ಯೂಜಿಫಿಲ್ಮ್ ತನ್ನ ಕೆಲವು ಕ್ಯಾಮೆರಾಗಳ ಪವರ್ ಅಡಾಪ್ಟರಿನ ಪ್ಲಗ್ ಮುರಿದು ಕರೆಂಟ್ ಹೊಡೆಯಬಹುದೆಂದು ಕರೆಸಿಕೊಂಡಿತು.

ಬ್ಯಾಟರಿ ರೀಕಾಲ್‌ನಲ್ಲಿ ಮಾಲೀಕರು ಮಾಡುವ ದೊಡ್ಡ ಎಡವಟ್ಟು, ಅದನ್ನೇ ಲಕೋಟೆಯಲ್ಲಿಟ್ಟು ಕೊರಿಯರ್ ಮಾಡುವುದು. ದೋಷದ ಕಾರಣಕ್ಕೆ ವಾಪಸು ಕರೆದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಸಾಗಿಸುವಂತಿಲ್ಲ. ಲೋಹದ ಬಿಂದುಗಳಿಗೆ ಟೇಪು ಅಂಟಿಸಿ, ಹತ್ತಿ ಉರಿಯುವಂಥದ್ದೇನೂ ಇಲ್ಲದ ಕಡೆ ಬೇರೆಯಾಗಿ ಇಟ್ಟು, ಹೇಗೆ ಕಳಿಸಬೇಕೆಂದು ಮೊದಲು ಕೇಳಬೇಕು. ಒಣಕಸದ ಚೀಲಕ್ಕಂತೂ ಹಾಕಲೇಬಾರದು.

ಕ್ಯಾನನ್ ಇಒಎಸ್ 5ಡಿ ಮಾರ್ಕ್ 3ರ ಕಥೆ ಇವೆಲ್ಲಕ್ಕಿಂತ ರುಚಿ. 3,500 ಡಾಲರಿನ ಕ್ಯಾಮೆರಾ. ಕಗ್ಗತ್ತಲಲ್ಲಿ ಮೇಲಿನ ಪುಟ್ಟ ಪರದೆಯ ದೀಪ ಹೊತ್ತಿಸಿದರೆ, ಆ ಬೆಳಕು ಒಳಗೆ ಸೋರಿ ಬೆಳಕಿನ ಅಳತೆ ಬದಲಾಗುತ್ತಿತ್ತು. ಕ್ಯಾಪ್ ಹಾಕಿ, ವ್ಯೂಫೈಂಡರ್ ಮುಚ್ಚಿ, ದೀಪ ಹೊತ್ತಿಸಿ ಆರಿಸಿ ನೋಡಿದರೆ ಗೊತ್ತಾಗುತ್ತಿತ್ತು. ಕ್ಯಾಪ್ ಹಾಕಿಕೊಂಡು ಯಾರು ಫೋಟೊ ತೆಗೆಯುತ್ತಾರೆ ಎಂಬ ಪ್ರಶ್ನೆಯನ್ನು ಬಹಳ ಜನ ಕೇಳಲಿಲ್ಲ, ಸೀದಾ ಸರಣಿ ಸಂಖ್ಯೆಯ ಆರನೇ ಅಂಕಿ ನೋಡಿದರು: 1 ಅಥವಾ 2 ಇದ್ದರೆ ದೋಷದ ಪಟ್ಟಿಯಲ್ಲಿ. ಸರಿಪಡಿಸಿ ಬಂದದ್ದನ್ನು ಬಿಚ್ಚಿ ನೋಡಿದವರಿಗೆ ಪರದೆಯ ಕೆಳಗೆ ಕಂಡದ್ದು ಕಪ್ಪು ಟೇಪು. ನಗುವುದು ಸುಲಭ. ಆದರೆ ಬೆಳಕು ಸೋರುವ ಜಾಗಕ್ಕೆ ಬೆಳಕು ಬಿಡದ ಟೇಪಿಗಿಂತ ಸರಿಯಾದ ಮದ್ದು ಇನ್ನೇನಿದೆ?

ಸರಣಿ ಸಂಖ್ಯೆ ಓದುವುದೇ ನಮ್ಮಲ್ಲೊಂದು ಸಾಹಸ. ಅದಿರುವುದು ಹೆಚ್ಚಾಗಿ ಕ್ಯಾಮೆರಾದ ತಳದಲ್ಲಿ. ಆಯುಧಪೂಜೆಗೆ ಅರಿಸಿನ ಕುಂಕುಮ ಏರಿಸಿಕೊಂಡ ಸ್ಟುಡಿಯೋ ಕ್ಯಾಮೆರಾಗಳಲ್ಲಿ 8 ಯಾವುದು, 3 ಯಾವುದು ತಿಳಿಯುವುದಿಲ್ಲ. ನಿಕಾನ್ ಡಿ750ಗೆ ಚಿತ್ರದಲ್ಲಿ ಬೆಳಕಿನ ಪಟ್ಟಿ ಮೂಡುವ ದೋಷ ಬಂದಾಗ, ಸರಿಪಡಿಸಿದ ಕ್ಯಾಮೆರಾಗಳ ಗುರುತಿಗೆ ಟ್ರೈಪಾಡ್ ತಿರುಪಿನ ತೂತಿನೊಳಗೆ ಕಪ್ಪು ಚುಕ್ಕೆ ಇಟ್ಟರು. ಕುಂಕುಮ ಮೆತ್ತಿದ ಆ ತೂತಿಗೆ ಟಾರ್ಚ್ ಬಿಟ್ಟು ಹುಡುಕುವ ಸೌಭಾಗ್ಯ ಜಪಾನಿನ ಎಂಜಿನಿಯರುಗಳ ಲೆಕ್ಕಕ್ಕೆ ಬಂದಿರಲಾರದು. ಒಣ ಬ್ರಷ್ಷಿನಿಂದ ಒರೆಸಿ, ಒದ್ದೆ ಬಟ್ಟೆ ಬೇಡ. ಕೆಲವರು ಲೆನ್ಸಿನ ಸಂಖ್ಯೆಯನ್ನೋ ಬ್ಯಾಟರಿಯ ಸಂಖ್ಯೆಯನ್ನೋ ಕೊಟ್ಟು ‘ನಂದು ಲಿಸ್ಟಲ್ಲೇ ಇಲ್ಲ’ ಎಂದು ನಿಟ್ಟುಸಿರು ಬಿಡುವುದೂ ಉಂಟು.

ಕಳಿಸುವಾಗ ಬಾಡಿ ಮಾತ್ರ ಸಾಕು, ಅವರು ಕೇಳಿದರೆ ಮಾತ್ರ ಲೆನ್ಸ್. ಕಾರ್ಡು, ಬೆಲ್ಟು, ಬ್ಯಾಟರಿ ತೆಗೆದು ಬಾಡಿ ಕ್ಯಾಪ್ ಹಾಕಿ. ನಿಮ್ಮ ಸೆಟ್ಟಿಂಗುಗಳನ್ನು ಕಾರ್ಡಿಗೆ ಉಳಿಸಿಕೊಳ್ಳಿ, ಆಟೊಫೋಕಸ್ ತಿದ್ದುಪಡಿಯ ಅಂಕಿಗಳನ್ನು ಕಾಗದದಲ್ಲಿ ಬರೆದಿಡಿ, ಬಹಳ ಸಲ ಎಲ್ಲ ಅಳಿಸಿಕೊಂಡು ಬರುತ್ತದೆ. ಆರೂ ಕಡೆಯಿಂದ ಫೋಟೊ ತೆಗೆದುಕೊಳ್ಳಿ. ತಿದ್ದದ ಎಫ್/22ರ ಪರೀಕ್ಷಾ ಚಿತ್ರವೊಂದನ್ನು ಜೊತೆಗಿಡಿ. ಕೌಂಟರಿನಲ್ಲಿ ‘ಕ್ಲೀನಿಂಗ್’ ಎಂದು ಬರೆಸಿದರೆ ಬಿಲ್ ಬರುತ್ತದೆ. ಜಾಬ್ ಶೀಟಿನಲ್ಲಿ ಯಾವ ಪ್ರಕಟಣೆಯಡಿ ಉಚಿತ ಎಂಬುದನ್ನು ಬರೆಸಿ. ಗ್ರೇ ಮಾರ್ಕೆಟ್‌ನಲ್ಲಿ, ಅಂದರೆ ಕಂಪನಿಯ ಅಧಿಕೃತ ಮಾರಾಟಗಾರರ ಹೊರಗೆ, ಕೊಂಡದ್ದಾದರೆ ಕಡಿಮೆ ಬೆಲೆಗೆ ಕೊಂಡ ಖುಷಿಗೆ ಅಡ್ಡಿಯಾಗುವ ಮುಖಗಳು ಆ ಕೌಂಟರಿನಾಚೆ ಕಂಡಾವು, ಹೊರಡುವ ಮೊದಲೇ ಫೋನಿನಲ್ಲಿ ಕೇಳಿಕೊಂಡರೆ ಬಸ್ ಚಾರ್ಜಾದರೂ ಉಳಿದೀತು.

ಯಾರೂ ಸ್ಪಂದಿಸದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅಪಾಯಕಾರಿ ಸರಕನ್ನು ವಾಪಸು ಕರೆಸುವಂತೆ ಆದೇಶಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ. ಚುಕ್ಕೆಯಂಥ ದೋಷಕ್ಕೆ ಜಿಲ್ಲಾ ಆಯೋಗ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು, ಬಿಲ್ ಬೇಕು. ಆ ಬಿಲ್ಲಿನ ಶಾಯಿ ಮಾತ್ರ ಅಷ್ಟು ದಿನ ಕಾಯುವುದಿಲ್ಲ, ಕೊಂಡ ದಿನವೇ ಅದರದೊಂದು ಫೋಟೊ ತೆಗೆದಿಡಿ.

ವಾಪಸು ಬಂದ ಮೇಲೆ ಅದೇ ಎಫ್/22 ಪರೀಕ್ಷೆ. ಪತ್ರಿಕೆಯೊಂದನ್ನು 45 ಡಿಗ್ರಿ ವಾಲಿಸಿ ನಡುವಿನ ಸಾಲಿಗೆ ಫೋಕಸ್ ಮಾಡಿ, ಚೂಪಾಗಿ ಬಂದ ಸಾಲು ಅದೇ ಹೌದೋ ನೋಡಿ. ತಳದ ತಿರುಪುಗಳನ್ನು ಎಣಿಸಿ. ಹೊಸ ಶಟರ್ ಹಾಕಿದಾಗ ಕ್ಲಿಕ್ಕುಗಳ ಎಣಿಕೆ ಸೊನ್ನೆಗೆ ಇಳಿದಿರಬಹುದು, ಇಳಿಯದೆಯೂ ಇರಬಹುದು, ಅದಕ್ಕೇ ಜಾಬ್ ಶೀಟನ್ನು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಬೇಕು. ಮುಂದೆಂದಾದರೂ ‘ಹತ್ತು ವರ್ಷದ ಡಿ600, ಕೇವಲ 900 ಕ್ಲಿಕ್, ಒಬ್ಬರೇ ಬಳಸಿದ್ದು’ ಎಂಬ ಜಾಹೀರಾತು ಕಂಡರೆ ಆ ಶೀಟನ್ನೊಮ್ಮೆ ಕೇಳಿ ನೋಡಿ. ಮಾರುವವನು ‘ಅದೆಲ್ಲ ಯಾಕೆ ಸಾರ್, ಐನೂರು ಕಮ್ಮಿ ಕೊಡಿ’ ಎನ್ನುತ್ತಾನೆ.